ಪಟ್ಣದ 1799ರ ಮುತ್ತಿಗೆ ಬಗ್ಗೆ ಸ್ಕೂಲ್ ಎಕ್ಸಿಬಿಷನ್, ಏನೇನ್ ಇಡ್ಬೋದು?

ಪಟ್ಣದ ಟೀಚರ್:
ಎಲ್ರಿಗೂ ನಮಸ್ಕಾರ. ಶ್ರೀರಂಗಪಟ್ಟಣದ ಹೈಸ್ಕೂಲೊಂದ್ರಲ್ಲಿ ಸಮಾಜ ವಿಜ್ಞಾನ ಹೇಳ್ಕೊಡ್ತೀನಿ. ಮಕ್ಕಳ ಕೈಲಿ 1799ರ ಮುತ್ತಿಗೆ ಬಗ್ಗೆ ಒಂದು ಸಣ್ಣ ಎಕ್ಸಿಬಿಷನ್ ಮಾಡಿಸ್ಬೇಕು ಅಂತಿದೀವಿ. ಟಿಪ್ಪು ಚಿತ್ರ, ಕತ್ತಿ, ರಾಕೆಟ್ ಮಾಡೆಲ್ ಎಲ್ಲಾ ಆಗುತ್ತೆ, ಆದ್ರೆ ಫಿರಂಗಿ ಗುಂಡು ಬೀಳ್ತಿದ್ದಾಗ ಕೋಟೆ ಒಳಗಿದ್ದ ಜನರ ಪಾಡೇನು ಅಂತ ಹೆಂಗ್ ತೋರ್ಸೋದು? ನಮ್ ಎಷ್ಟೋ ಮಕ್ಕಳ ಮನೆ ಇವತ್ತೂ ಕೋಟೆ ಒಳಗೇ ಇರೋದು, ಅದಕ್ಕೇ ಕೇಳ್ತಿದೀನಿ.

ಕೋಟೆಬೀದಿ:
ಮೇಡಂ, ಮೊದ್ಲು ಮಕ್ಕಳನ್ನ ಗೋಡೆ ಒಡೆದ ಜಾಗಕ್ಕೆ ಕರ್ಕೊಂಡೋಗಿ, 1907ರಲ್ಲಿ ಮೈಸೂರು ಸರ್ಕಾರ ನಿಲ್ಸಿದ ಸ್ಮಾರಕ ಕಂಬ ಐತಲ್ಲ, ಅಲ್ಲಿಗೆ. ಬ್ಯಾಸ್ಗೇಲಿ ಹೊಳೆ ಬತ್ತಿ ಬಂಡೆ ಎಲ್ಲಾ ಮ್ಯಾಲೆ ಕಾಣ್ತವೆ ನೋಡಿ, ಮುಂಗಾರು ಹಿಡ್ದು ನೀರು ಏರೋದ್ರೊಳಗೆ ಮುಗಿಸ್ಬೇಕು ಅಂತ್ಲೇ ಇಂಗ್ಲಿಷ್ ಸೈನ್ಯದ ಮುಖ್ಯಸ್ಥ ಜನರಲ್ ಹ್ಯಾರಿಸ್‌ಗೆ ಅಷ್ಟು ಆತುರ ಇದ್ದಿದ್ದು. ಮೇ 2ಕ್ಕೆ ಕೋಟೆ ಒಳಗಿನ ರಾಕೆಟ್ ಉಗ್ರಾಣಕ್ಕೆ ಗುಂಡು ಬಿದ್ದು ಸಿಡೀತು, 4ನೇ ತಾರೀಕು ಮಧ್ಯಾಹ್ನ ಒಂದು ಗಂಟೆ ಸುಮಾರಿಗೆ ದಾಳಿಯ ಮುಂದಾಳು ಬೇರ್ಡ್ ಕಡೆಯವ್ರು ಹೊಳೆಗೆ ಇಳುದ್ರು. ಆದ್ರೆ ಜನಕ್ಕೆ ಗುಂಡಿಗಿಂತ ಕೆಟ್ಟದ್ದು ಆ ರಾತ್ರಿನೇ, ಮನೆಮನೆ ನುಗ್ಗಿ ದೋಚುದ್ರು. ಆಮೇಲೆ ಊರಿನ ಅಧಿಕಾರ ವಹಿಸ್ಕೊಂಡ ಆರ್ಥರ್ ವೆಲ್ಲೆಸ್ಲಿ ದೋಚೋರನ್ನ ಗಲ್ಲಿಗೆ ಹಾಕ್ಸಿ, ಛಡಿ ಏಟು ಹೊಡೆಸಿ ನಿಲ್ಸಬೇಕಾಯ್ತು. ಲೂಟಿ ಆಗ್ದೆ ಉಳಿದ ಮನೆ ಇಲ್ಲ ಅನ್ನೋ ಹಂಗಾಗಿತ್ತು ಅಂತ ಅಣ್ಣಂಗೆ ಬರೆದ ಕಾಗದದಲ್ಲಿ ಅವ್ನೇ ಹೇಳವ್ನೆ. ನಿಮ್ ಮೊದಲ್ನೇ ಬೋರ್ಡು ಅದೇ ಆಗ್ಲಿ.

ಗಂಜಾಂ ಹೈದ:
1792ನ್ನೂ ಬಿಡ್ಬೇಡಿ ಮೇಡಂ. ಆಗ ಬಂದಿದ್ದ ಇಂಗ್ಲಿಷರ ಕಾರ್ನ್‌ವಾಲಿಸ್ ಸೈನ್ಯ ಮುತ್ತಿಗೆ ಕೆಲಸಕ್ಕೆ ಅಂತ ನಮ್ ಗಂಜಾಂ ಕಡೆ ಲಾಲ್‌ಬಾಗ್‌ನ ಮರಗಳನ್ನ ಕಡ್ದು ಕಂತೆ ಕಟ್ಟಿತ್ತು. ಸುಮಾರು ಏಳು ವರ್ಷದಲ್ಲಿ ಎರಡು ಮುತ್ತಿಗೆ ಕಂಡ ಊರು ಇದು, 1799ನೇ ಇಸ್ವಿ ಒಂದನ್ನೇ ಇಟ್ರೆ ಅದು ಗೊತ್ತೇ ಆಗಲ್ಲ.

ಮಂಡ್ಯದವನು:
ಒಂದು ಸಣ್ಣ ತಕರಾರು. ಬಂದಿದ್ದು ಬರೀ ಇಂಗ್ಲಿಷರಲ್ಲ, ನಿಜಾಮನ ಸೈನ್ಯಾನೂ ಇತ್ತು, ಅದನ್ನ ಬರೀರಿ. ಅದೂ ಅಲ್ದೆ ಬೇರ್ಡ್ 1780ರಲ್ಲಿ ಪೊಲ್ಲಿಲೂರು ಯುದ್ಧದಲ್ಲಿ ಸಿಕ್ಕಿಬಿದ್ದು ಮೂರೂವರೆ ವರ್ಷಕ್ಕೂ ಜಾಸ್ತಿ ಇದೇ ಪಟ್ಣದಲ್ಲಿ ಸೆರೆ ಇದ್ದೋನು, ಆ ಸೆರೆ ಕಥೇನೂ ಲೂಟಿ ಬೋರ್ಡ್ ಪಕ್ಕದಲ್ಲೇ ಇಡಿ, ಮಕ್ಕಳು ಎರಡನ್ನೂ ಓದ್ಲಿ. ರಾಕೆಟ್ ಮಾಡೆಲ್ ಮಾಡ್ಸೋ ಮುಂಚೆ 2018ರಲ್ಲಿ ಶಿವಮೊಗ್ಗ ಜಿಲ್ಲೆ ನಗರ ಅನ್ನೋ ಊರಿನ ಬಾವೀಲಿ ಸಿಕ್ಕಿದ ಸಾವಿರ ಚಿಲ್ರೆ ರಾಕೆಟ್‌ಗಳ ಫೋಟೋ ನೋಡಿ, ಕಬ್ಬಿಣದ ಕೊಳವೆ ಹೆಂಗಿತ್ತು ಅಂತ ಗೊತ್ತಾಗುತ್ತೆ.

ಪಟ್ಣದ ಟೀಚರ್:
ತುಂಬಾ ಥ್ಯಾಂಕ್ಸ್. ಕಾಗದದ ಮಾತನ್ನ ಕನ್ನಡದಲ್ಲಿ ದೊಡ್ಡದಾಗಿ ಬರೆಸ್ತೀವಿ. ಸ್ಮಾರಕ ಕಂಬದ ಹತ್ರ ಸೋಮವಾರನೇ ಕರ್ಕೊಂಡ್ ಹೋಗ್ತೀನಿ.