ಜೆರಾಕ್ಸ್ ಅಣ್ಣ ಹೇಳಿದರೆ ಮಾತ್ರ ಅದು ಸುದ್ದಿ

ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಕಾಲೇಜಿನಲ್ಲಿ ಪಾಠಕ್ಕಿಂತ ಪ್ರಕಟಣೆಯೇ ಜಾಸ್ತಿ. ಪರೀಕ್ಷೆ ಶುಲ್ಕ, ನೋ ಡ್ಯೂ, ಹಾಲ್ ಟಿಕೆಟ್, ಇಂಟರ್ನಲ್ ಮಾರ್ಕ್ಸಿಗೆ ಸಹಿ, ಲೈಬ್ರರಿ ಪುಸ್ತಕ, ಗ್ರೂಪ್ ಫೋಟೊ, ಹಾಸ್ಟೆಲ್ ಖಾಲಿ ಮಾಡೋದು, ಬೀಳ್ಕೊಡುಗೆಗೆ ತಲಾ ಇಷ್ಟು ಅಂತ ವಸೂಲಿ. ಎಲ್ಲ ಒಂದೇ ವಾರದಲ್ಲಿ ಬಂದು ತಲೆ ಮೇಲೆ ಬೀಳುತ್ತವೆ. ಇಡೀ ಸೆಮಿಸ್ಟರ್ ಗುಡ್ ಮಾರ್ನಿಂಗ್ ಬಿಟ್ಟರೆ ಬೇರೇನೂ ಕಾಣದ ವಾಟ್ಸಾಪ್ ಗ್ರೂಪಿಗೆ ಆಗ ದೆವ್ವ ಹಿಡಿಯುತ್ತದೆ.

ಇದನ್ನೆಲ್ಲ ಬಿಡಿಸಿ ನೋಡುವುದಕ್ಕೆ ನಮ್ಮದೊಂದು ಸಭೆ ಇದೆ. ಪಿ.ಜೆ. ಬಡಾವಣೆ ಕಡೆ ಒಂದು ಮಂಡಕ್ಕಿ ಅಂಗಡಿ, ಸಂಜೆ ಹೊತ್ತು. ದಾವಣಗೆರೆ ಅಂದರೆ ಹೊರಗಿನವರಿಗೆ ಬೆಣ್ಣೆ ದೋಸೆ. ಅದು ನೆಂಟರು ಬಂದಾಗ, ಅವರ ದುಡ್ಡಲ್ಲಿ. ತಿಂಗಳ ಕೊನೆಯಲ್ಲಿ ಸ್ಟೂಡೆಂಟ್ಸ್ ಕೈಗೆ ಎಟುಕೋದು ಖಾರಾ ಮಂಡಕ್ಕಿ, ಪಕ್ಕದಲ್ಲೊಂದು ಮೆಣಸಿನಕಾಯಿ ಬಜ್ಜಿ.

ನಮ್ಮ ಗುಂಪಿನಲ್ಲಿ ಯಾರಿಗೂ ಸ್ವಂತ ಹೆಸರಿಲ್ಲ. ಕ್ಲಾಸಿನಲ್ಲಿ ಒಂದೇ ಹೆಸರಿನವರು ಬಹಳ ಇದ್ದರು ಅಂತ ಮೊದಲ ಸೆಮಿಸ್ಟರಿನಲ್ಲೇ ಊರು ಹಿಡಿದು ಕರೆದೆವು, ಅದೇ ನಿಂತುಬಿಟ್ಟಿತು. ಹೊನ್ನಾಳಿ, ಚನ್ನಗಿರಿ, ಜಗಳೂರು, ಹರಪನಹಳ್ಳಿ. ನಾನು ಇದೇ ಊರಿನವನು, ಹಾಗಾಗಿ ಲೋಕಲ್. 1997ಕ್ಕೆ ಮೊದಲಾಗಿದ್ದರೆ ಈ ಗುಂಪು ಮೂರು ಜಿಲ್ಲೆಯದಾಗುತ್ತಿತ್ತು. ಹೊನ್ನಾಳಿ, ಚನ್ನಗಿರಿ ಶಿವಮೊಗ್ಗದಲ್ಲಿದ್ದವು, ಜಗಳೂರು ಮತ್ತು ನಾವು ಚಿತ್ರದುರ್ಗದಲ್ಲಿ, ಹರಪನಹಳ್ಳಿ ಬಳ್ಳಾರಿಯಲ್ಲಿ. ಆ ವರ್ಷ ಎಲ್ಲರನ್ನೂ ಎತ್ತಿ ಹೊಸ ದಾವಣಗೆರೆ ಜಿಲ್ಲೆಗೆ ಹಾಕಿದರು. ಆಮೇಲೆ ಹರಪನಹಳ್ಳಿ ತಿರುಗಿ ಬಳ್ಳಾರಿಗೆ ಹೋಯಿತು, 2021ರಲ್ಲಿ ವಿಜಯನಗರ ಜಿಲ್ಲೆ ಆದಾಗ ಅಲ್ಲಿಗೆ ಸೇರಿತು.

"ಹುಟ್ಟಿದ್ದು ದಾವಣಗೆರೆ ಜಿಲ್ಲೆ. ಹೈಸ್ಕೂಲಿಗೆ ಹೋಗುವಾಗ ಬಳ್ಳಾರಿ ಜಿಲ್ಲೆ. ಡಿಗ್ರಿಗೆ ಅರ್ಜಿ ಹಾಕುವಾಗ ವಿಜಯನಗರ. ನಮ್ಮ ಮನೆ ಮಾತ್ರ ಒಂದಿಂಚೂ ಅಲ್ಲಾಡಿಲ್ಲ" ಅಂತ ಹರಪನಹಳ್ಳಿ ಪ್ರತಿ ಸಲ ಅರ್ಜಿ ತುಂಬುವಾಗ ಹೇಳುತ್ತಾನೆ. ಅದರಲ್ಲಿ 371-ಜೆ, ಅಂದರೆ ಕಲ್ಯಾಣ ಕರ್ನಾಟಕದವರ ಮೀಸಲಾತಿ, ಅಂತ ಒಂದು ಕಾಲಂ ಬಂದರೆ ಮಾತ್ರ ಮುಖ ಅರಳುತ್ತದೆ. ನಮಗೆ ಯಾರಿಗೂ ಇಲ್ಲದ ಮೀಸಲಾತಿ ಅವನಿಗಿದೆ. ಆ ದಿನ ಬಜ್ಜಿ ಅವನದೇ ಲೆಕ್ಕ.

ಮೊನ್ನೆ ಸಭೆ ಸೇರಿದ್ದು ವೇಳಾಪಟ್ಟಿ ವಿಷಯಕ್ಕೆ. ಗ್ರೂಪಿನಲ್ಲಿ ಮೊದಲು ವೇಳಾಪಟ್ಟಿ ಬಂತು. ಮಾರನೇ ದಿನ ಪರಿಷ್ಕೃತ ವೇಳಾಪಟ್ಟಿ ಬಂತು. ಆಮೇಲೆ ಪರಿಷ್ಕೃತ ಅಂತಿಮ ವೇಳಾಪಟ್ಟಿ. ಸಂಜೆ ಹೊತ್ತಿಗೆ "ಹಿಂದಿನದನ್ನು ಪರಿಗಣಿಸಬಾರದು" ಅಂತ ಒಂದು ಸಾಲು ಬಂತು. ಹಿಂದಿನದು ಅಂದರೆ ಯಾವುದು? ಬರೆದವರಿಗೇ ಗೊತ್ತು.

"ನಾನು ಮೊದಲನೇದನ್ನೇ ಗೋಡೆಗೆ ಅಂಟಿಸಿದೀನಿ" ಅಂದ ಹೊನ್ನಾಳಿ.

"ಯಾಕಪ್ಪಾ?"

"ಅದರಲ್ಲಿ ಎರಡು ಪೇಪರ್ ನಡುವೆ ಗ್ಯಾಪ್ ಜಾಸ್ತಿ ಇತ್ತು. ನೋಡಿದ್ರೆ ಸಮಾಧಾನ ಆಗುತ್ತೆ."

ಜಗಳೂರು ಓದುವ ಹುಡುಗಿ. ಎಲ್ಲ ಪಟ್ಟಿಗಳನ್ನೂ ಪಕ್ಕಪಕ್ಕ ಇಟ್ಟುಕೊಂಡು, ಬದಲಾದ ಸಾಲಿಗೆಲ್ಲ ಹಸಿರು ಗೆರೆ ಹಾಕಿದ್ದಳು. ಕೊನೆಗೆ ಗೊತ್ತಾಗಿದ್ದೇನೆಂದರೆ ದಿನಾಂಕ ಯಾವುದೂ ಬದಲಾಗಿಲ್ಲ. ಒಂದು ಪೇಪರಿನ ಕೋಡ್‌ನಲ್ಲಿ ಸೊನ್ನೆ ಇರಬೇಕಾದಲ್ಲಿ ಇಂಗ್ಲಿಷಿನ ಓ ಅಕ್ಷರ ಬಿದ್ದಿತ್ತಂತೆ. ಅದನ್ನು ಸರಿಮಾಡಿದ್ದಕ್ಕೆ ಇಷ್ಟು ಗಲಾಟೆ. ಅಷ್ಟರಲ್ಲಿ ಕ್ಲಾಸಿನ ಅರ್ಧ ಜನ ಊರಿಗೆ ಫೋನ್ ಮಾಡಿ, ಪರೀಕ್ಷೆ ಮುಂದೆ ಹೋಯಿತು, ಜಾತ್ರೆಗೆ ಬರುತ್ತೀನಿ ಅಂತ ಹೇಳಿಯಾಗಿತ್ತು.

ಎಲ್ಲ ಪ್ರಕಟಣೆಯ ಕೊನೆಗೂ ಒಂದು ಸಾಲು ಇದ್ದೇ ಇರುತ್ತದೆ: "ತಪ್ಪಿದಲ್ಲಿ ವಿದ್ಯಾರ್ಥಿಗಳೇ ಹೊಣೆ." ಗ್ರೂಪ್ ಫೋಟೊ ಪ್ರಕಟಣೆಗೂ ಅದೇ ಸಾಲು, ಸೈಕಲ್ ಸ್ಟ್ಯಾಂಡಿನಲ್ಲಿ ಸಿಕ್ಕ ಕ್ಯಾಲ್ಕುಲೇಟರ್ ವಾಪಸ್ ತಗೊಳ್ಳಿ ಅನ್ನೋದಕ್ಕೂ ಅದೇ ಸಾಲು. ಚನ್ನಗಿರಿ ಹೇಳುವ ಪ್ರಕಾರ ಅದನ್ನು ಮೊದಲು ಟೈಪ್ ಮಾಡಿ ಇಟ್ಟುಕೊಂಡಿರುತ್ತಾರೆ, ವಿಷಯ ಏನು ಅಂತ ಆಮೇಲೆ ಯೋಚಿಸುತ್ತಾರೆ.

ಕಾಲೇಜಿನಲ್ಲಿ ನೋಟಿಸ್ ಬೋರ್ಡ್ ಅಂತ ಒಂದಿದೆ, ಇಲ್ಲ ಅನ್ನಬಾರದು. ಗಾಜಿನ ಬಾಗಿಲು, ಅದಕ್ಕೊಂದು ಪುಟ್ಟ ಬೀಗ. ಬೀಗದ ಕೈ ಯಾರ ಹತ್ತಿರ ಇದೆ ಅಂತ ಕೇಳಿದರೆ ಆಫೀಸಿನವರು ಲೈಬ್ರರಿ ಕಡೆ ಕೈ ತೋರಿಸುತ್ತಾರೆ, ಲೈಬ್ರರಿಯವರು ಆಫೀಸಿನ ಕಡೆ. ಒಳಗೆ ಯಾವುದೋ ಕಾಲದ ಎನ್ಎಸ್ಎಸ್ ಶಿಬಿರದ ಪ್ರಕಟಣೆ ಹಳದಿಯಾಗಿ ಮೂಲೆ ಸುರುಳಿಕೊಂಡು ಕೂತಿದೆ. ಅದರ ಪಕ್ಕ ತುಕ್ಕು ಹಿಡಿದ ಪಿನ್ನು ಮಾತ್ರ ಇದೆ, ಕಾಗದ ಇಲ್ಲ. ಹೊಸ ಪ್ರಕಟಣೆಗಳನ್ನೆಲ್ಲ ಗಾಜಿನ ಹೊರಗೆ ಅಂಟು ಹಚ್ಚಿ ಒಂದರ ಮೇಲೊಂದು ಮೆತ್ತುತ್ತಾರೆ. ಪದರ ಬಿಡಿಸುತ್ತಾ ಹೋದರೆ ಇತಿಹಾಸ ವಿಭಾಗದವರಿಗೆ ಒಂದು ಪ್ರಾಜೆಕ್ಟ್ ಆಗುತ್ತೆ, ಅಲ್ವಾ.

ಆದ್ದರಿಂದ ನಮಗೆ ಸುದ್ದಿ ಅಂದರೆ ಜೆರಾಕ್ಸ್ ಅಣ್ಣ. ಗೇಟಿನ ಎದುರಿಗೆ ಅವನ ಅಂಗಡಿ. ಒಂದು ಕೌಂಟರ್, ಎರಡು ಮಷೀನ್, ಗೋಡೆಗೆ ನೇತಾಡುವ ಹಸಿರು ಟ್ಯಾಗುಗಳ ಕಟ್ಟು, ಪಾಸ್‌ಪೋರ್ಟ್ ಫೋಟೊ ಕತ್ತರಿಸುವ ಕತ್ತರಿಗೆ ಕಟ್ಟಿದ ದಾರ. ಆಫೀಸಿನ ಪ್ರಿಂಟರಿನಲ್ಲಿ ಟೋನರ್ ಯಾವಾಗಲೂ ಖಾಲಿ. ಹಾಗಾಗಿ ಪ್ರಕಟಣೆ ಏನೇ ಇದ್ದರೂ ಅಟೆಂಡರ್ ಅದನ್ನು ಹಿಡಿದುಕೊಂಡು ಮೊದಲು ಇಲ್ಲಿಗೇ ಬರಬೇಕು. ಕಾಪಿ ಹೊರಗೆ ಬರುವಷ್ಟರಲ್ಲಿ ಅಣ್ಣ ಓದಿ ಮುಗಿಸಿರುತ್ತಾನೆ. ಒಮ್ಮೊಮ್ಮೆ ಸಹಿ ಬೀಳುವುದಕ್ಕೆ ಮುಂಚೆಯೇ.

ಪರೀಕ್ಷೆ ಶುಲ್ಕಕ್ಕೆ ದಂಡರಹಿತ ಕೊನೆ ದಿನ ಅಂತ ಒಂದು, ದಂಡಸಹಿತ ಕೊನೆ ದಿನ ಅಂತ ಇನ್ನೊಂದು ಇರುತ್ತದೆ. ದಂಡರಹಿತ ದಿನದ ಬೆಳಗ್ಗೆ ಚನ್ನಗಿರಿ ಗಾಬರಿಯಲ್ಲಿ ಓಡಿ ಬಂದಳು. ಮನೆಯಿಂದ ದುಡ್ಡು ಬಂದಿಲ್ಲ, ಅಡಿಕೆ ಇನ್ನೂ ಮಂಡಿಗೆ ಹೋಗಿಲ್ಲ, ಅಪ್ಪ ರೇಟ್ ಏರಲಿ ಅಂತ ಕಾಯುತ್ತಾ ಕೂತಿದ್ದಾರೆ. ಅಣ್ಣ ತಲೆ ಎತ್ತಲಿಲ್ಲ.

"ಅವಸರ ಮಾಡಬೇಡಮ್ಮ. ಡೇಟ್ ಮುಂದೆ ಹೋಗುತ್ತೆ."

"ಯಾರು ಹೇಳಿದ್ರು ಅಣ್ಣ?"

"ನಿನ್ನೆ ಸಂಜೆ ಪೋರ್ಟಲ್ ಬಿದ್ದೋಯ್ತು. ಪೋರ್ಟಲ್ ಬಿದ್ದರೆ ಡೇಟ್ ಏಳುತ್ತೆ."

ಮಧ್ಯಾಹ್ನ ಪ್ರಕಟಣೆ ಬಂತು. ಡೇಟ್ ಮುಂದೆ ಹೋಗಿತ್ತು. ಅವತ್ತಿನಿಂದ ಚನ್ನಗಿರಿ ಅವನಿಗೆ ಕುಲಪತಿಗಳಿಗಿಂತ ಜಾಸ್ತಿ ಮರ್ಯಾದೆ ಕೊಡುತ್ತಾಳೆ. ಕುಲಪತಿಗಳನ್ನು ಅವಳು ನೋಡಿಲ್ಲ, ಅದು ಬೇರೆ ಮಾತು.

ಈ ಸಲದ ದೊಡ್ಡ ಸಮಸ್ಯೆ ಹರಪನಹಳ್ಳಿಯದು. ನಮ್ಮದು ಎನ್ಇಪಿ, ಅಂದರೆ ರಾಷ್ಟ್ರೀಯ ಶಿಕ್ಷಣ ನೀತಿಯ ಬ್ಯಾಚ್. 2021ರಲ್ಲಿ ದೇಶದಲ್ಲೇ ಮೊದಲು ಅಂತ ಕರ್ನಾಟಕ ಅದನ್ನು ತಂದಿತು, 2024ರಲ್ಲಿ ನಾಲ್ಕು ವರ್ಷದ ಆನರ್ಸ್ ಬೇಡ, ಮೊದಲಿನ ಹಾಗೆ ಮೂರೇ ವರ್ಷ ಇರಲಿ ಅಂತ ಸರ್ಕಾರ ಆದೇಶ ಮಾಡಿತು. ನಮ್ಮ ಹಿಂದೆ ಬಂದವರಿಗೆ ಸಿಲಬಸ್ಸೇ ಬೇರೆ. ನಮ್ಮ ನೋಟ್ಸ್ ಜೂನಿಯರ್ಸಿಗೆ ಮಾರೋಣ ಅಂತ ಹೊನ್ನಾಳಿ ಲೆಕ್ಕ ಹಾಕಿದ್ದ. ಈಗ ಅದನ್ನು ಮಂಡಕ್ಕಿ ಅಂಗಡಿಯವರೇ ತಗೋಬೇಕು, ಪೊಟ್ಟಣ ಕಟ್ಟೋಕೆ.

ಹರಪನಹಳ್ಳಿಗೆ ಮೊದಲ ವರ್ಷದ ಒಂದು ಪೇಪರ್ ಇನ್ನೂ ಬ್ಯಾಕ್ ಇದೆ. ಯಾವುದು ಅಂತೀರಿ? ಡಿಜಿಟಲ್ ಫ್ಲುಯೆನ್ಸಿ. ಹಾಸ್ಟೆಲಿನಲ್ಲಿ ಯಾರ ಫೋನ್ ಕೆಟ್ಟರೂ ಇವನ ಹತ್ತಿರ ಬರುತ್ತಾರೆ. ಸ್ಕಾಲರ್‌ಶಿಪ್ ಅರ್ಜಿ, ಆಧಾರ್ ಲಿಂಕ್, ಡಿಜಿಲಾಕರ್, ಎಲ್ಲ ಇವನೇ ಮಾಡಿಕೊಡುವುದು. ಪೇಪರಿನಲ್ಲಿ ಮಾತ್ರ ಫೇಲ್.

"ಪ್ರಶ್ನೆ ಏನು ಬಂದಿತ್ತು?" ಅಂತ ಜಗಳೂರು ಕೇಳಿದಳು.

"ಕೃತಕ ಬುದ್ಧಿಮತ್ತೆ ಬಗ್ಗೆ ಬರಿ ಅಂತ."

"ನೀನೇನು ಬರೆದೆ?"

"ನನಗೆ ಇರೋ ಬುದ್ಧಿ ಬಗ್ಗೆ ಬರೆದೆ. ಕಡಿಮೆ ಬಿತ್ತು."

ಸಿಲಬಸ್ ಸತ್ತರೂ ಬ್ಯಾಕ್ ಸಾಯುವುದಿಲ್ಲ, ಇದು ಕಾಲೇಜಿನ ಕಾನೂನು. ಆ ಪೇಪರಿಗೆ ಈಗ ಪಾಠ ಮಾಡುವವರಿಲ್ಲ, ಓದುವವರಿಲ್ಲ, ಪುಸ್ತಕ ಕೇಳಿದರೆ ಅಂಗಡಿಯವನು ನಗುತ್ತಾನೆ. ಪರೀಕ್ಷೆ ಮಾತ್ರ ಇದೆ. ಇವನೊಬ್ಬನಿಗಾಗಿ ಒಂದು ಕೊಠಡಿ, ಮೇಲ್ವಿಚಾರಣೆಗೆ ಒಬ್ಬರು, ಬೆಲ್ ಹೊಡೆಯೋಕೆ ಒಬ್ಬರು. "ಇಷ್ಟು ಜನ ನನಗೋಸ್ಕರ ಕಾಯ್ತಾರಲ್ಲ, ನಮ್ಮ ಮನೆಯಲ್ಲೂ ಇಷ್ಟು ಮರ್ಯಾದೆ ಇಲ್ಲ" ಅಂತ ಅವನಿಗೆ ಒಳಗೊಳಗೇ ಖುಷಿ.

ಹೋದ ಸಲ ಅವನು ಇದೇ ಪೇಪರನ್ನು ಮರುಮೌಲ್ಯಮಾಪನಕ್ಕೆ ಹಾಕಿದ್ದ. ಮೊದಲು ಉತ್ತರಪತ್ರಿಕೆಯ ನಕಲಿಗೆ ಒಂದು ಶುಲ್ಕ, ಆಮೇಲೆ ಮರುಮೌಲ್ಯಮಾಪನಕ್ಕೆ ಇನ್ನೊಂದು. ಬಂದ ಉತ್ತರ: ಬದಲಾವಣೆ ಇಲ್ಲ. ನಕಲನ್ನು ಜೆರಾಕ್ಸ್ ಅಣ್ಣನಿಗೆ ತೋರಿಸಿದ. ಅವನು ಎರಡು ಪುಟ ತಿರುವಿ, "ದುಡ್ಡು ವೇಸ್ಟ್ ಮಾಡಬೇಡ, ಕೊಟ್ಟಿರೋದೇ ಜಾಸ್ತಿ" ಅಂದ. ಅಷ್ಟು ಬೇಗ, ಅಷ್ಟು ಸರಿಯಾಗಿ ಬಂದ ಫಲಿತಾಂಶ ನಮ್ಮ ಕಾಲದಲ್ಲಿ ಇನ್ನೊಂದಿಲ್ಲ.

ಹಾಜರಾತಿ ವಿಷಯ ಎತ್ತಬಾರದು ಅಂತ ಸಭೆಯಲ್ಲಿ ಒಪ್ಪಂದ ಇತ್ತು. ಆದರೂ ಹೊನ್ನಾಳಿ ಎತ್ತಿದ. ಶೇ 75 ಬೇಕು, ಅವನದು ಅದರ ಆಸುಪಾಸಿನಲ್ಲೂ ಇಲ್ಲ. ವೈದ್ಯಕೀಯ ಪ್ರಮಾಣಪತ್ರ ತಂದರೆ ನೋಡೋಣ ಅಂದಿದ್ದಾರೆ. ಅವನು ಕ್ಲಾಸಿಗೆ ಬರದೇ ಇದ್ದ ಅಷ್ಟೂ ದಿನ ಕ್ರಿಕೆಟ್ ಮೈದಾನದಲ್ಲಿದ್ದ. ಪ್ರಮಾಣಪತ್ರ ತಾ ಅಂದ ಮೇಷ್ಟ್ರೇ ಅಲ್ಲಿ ಅಂಪೈರ್ ಆಗಿದ್ದರು. ಈಗ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಿಲ್ಲ.

ನೋ ಡ್ಯೂ ಮಾತ್ರ ಪ್ರತ್ಯೇಕ ಅಧ್ಯಾಯ. ಒಂದು ಹಾಳೆ, ಅದರ ಮೇಲೆ ಲೈಬ್ರರಿ, ಲ್ಯಾಬ್, ಕ್ರೀಡೆ, ಎನ್‌ಸಿಸಿ, ಹಾಸ್ಟೆಲ್, ಕಚೇರಿ ಅಂತ ಸಾಲು. ಎಲ್ಲರ ಸಹಿ ಬೇಕು. ನಾನು ಎನ್‌ಸಿಸಿಗೆ ಸೇರಿಯೇ ಇಲ್ಲ. ಆದರೂ ಅಲ್ಲಿಂದ ನಾನೇನೂ ತಗೊಂಡಿಲ್ಲ ಅಂತ ಬರೆಸಿಕೊಳ್ಳಬೇಕು. ಅಲ್ಲಿಯ ಸರ್ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಬೂಟು ವಾಪಸ್ ಕೊಟ್ಟಿದ್ದೀಯಾ?" ಅಂತ ಕೇಳಿದರು. ತಗೊಂಡೇ ಇಲ್ಲ ಸರ್ ಅಂದೆ. "ಎಲ್ಲರೂ ಹಾಗೇ ಹೇಳೋದು" ಅಂದರು. ಸಹಿ ಹಾಕಿದರು, ಆದರೆ ಅನುಮಾನ ಹೋಗಲಿಲ್ಲ. ಬಾಗಿಲು ದಾಟುವವರೆಗೂ ನನ್ನ ಕಾಲನ್ನೇ ನೋಡುತ್ತಿದ್ದರು.

ಕಾಷನ್ ಡೆಪಾಸಿಟ್ ವಾಪಸ್ ಬೇಕಾದರೆ ಸೇರುವಾಗ ಕೊಟ್ಟ ರಸೀದಿಯ ಒರಿಜಿನಲ್ ತರಬೇಕಂತೆ. ಅದು ಯಾರ ಹತ್ತಿರ ಇರುತ್ತೆ ಹೇಳಿ? ಜಗಳೂರಿನ ಹತ್ತಿರ ಇತ್ತು. ಲ್ಯಾಮಿನೇಷನ್ ಮಾಡಿಸಿದ್ದಳು. ಲ್ಯಾಮಿನೇಷನ್ ಮಾಡಿಸಿದ್ದರಿಂದ ಹಿಂಭಾಗದಲ್ಲಿ ಸೀಲ್ ಹಾಕೋಕೆ ಆಗಲ್ಲ, ನಡೆಯೋದಿಲ್ಲ ಅಂದರು! ಅವಳು ಅತ್ತಿದ್ದನ್ನು ನಾವು ನೋಡಿದ್ದು ಅದೇ ಮೊದಲು. ರ‍್ಯಾಂಕ್ ತಪ್ಪಿದಾಗಲೂ ಅತ್ತಿರಲಿಲ್ಲ.

"ಬಿಡೇ, ನೀನಾದ್ರೂ ಊರಿಗೆ ಪುಕ್ಕಟೆ ಹೋಗ್ತೀಯ" ಅಂತ ಹೊನ್ನಾಳಿ ಸಮಾಧಾನ ಮಾಡಿದ. ಶಕ್ತಿ ಯೋಜನೆ ಬಂದಾಗಿನಿಂದ, ಅಂದರೆ 2023ರ ಜೂನ್‌ನಿಂದ, ಹುಡುಗಿಯರಿಗೆ ಆಧಾರ್ ತೋರಿಸಿದರೆ ಆಯಿತು. ನಮಗೆ ಸ್ಟೂಡೆಂಟ್ ಪಾಸು. ಸೆಮಿಸ್ಟರ್ ಮುಗಿಯುವ ಮುಂಚೆಯೇ ಪಾಸಿನ ಅವಧಿ ಮುಗಿಯುತ್ತೆ, ಹಾಸ್ಟೆಲ್ ಖಾಲಿ ಮಾಡಿ ಟ್ರಂಕು, ಹಾಸಿಗೆ, ಬಕೆಟ್ ಎತ್ತಿಕೊಂಡು ಹೋಗುವಾಗ ಫುಲ್ ಟಿಕೆಟ್ಟು, ಮೇಲೆ ಲಗೇಜ್ ಚಾರ್ಜು. "ಸ್ತ್ರೀಶಕ್ತಿ ಆಯ್ತು, ಬಕೆಟ್ ಶಕ್ತಿ ಯಾವಾಗ?" ಅಂತ ಹೊನ್ನಾಳಿಯ ಹಳೇ ಕೊರಗು. ಜಗಳೂರು ಕಣ್ಣೊರೆಸಿಕೊಂಡು, "ನಿನ್ನ ಬಕೆಟ್ ಹೆಸರಿನಲ್ಲಿ ಆಧಾರ್ ಮಾಡಿಸು" ಅಂದಳು. ಅಲ್ಲಿಗೆ ಸರಿಹೋದಳು ಅಂತ ನಾವು ಇನ್ನೊಂದು ಪ್ಲೇಟ್ ಬಜ್ಜಿ ಹೇಳಿದೆವು.

ಬಜ್ಜಿ ಬಂದ ಮೇಲೆ ಲೆಕ್ಕದ ಮಾತು ಬಂತು. ಈ ಸೆಮಿಸ್ಟರ್ ಪೂರ್ತಿ ಹರಪನಹಳ್ಳಿ ನಾಳೆ ಕೊಡ್ತೀನಿ ಅಂತಲೇ ತಿಂದಿದ್ದಾನೆ. ಹೊನ್ನಾಳಿ ಫೋನ್ ತೆಗೆದು ಅಲ್ಲೇ ಟೈಪ್ ಮಾಡಿ ಗ್ರೂಪಿಗೆ ಹಾಕಿದ.

"ಪ್ರಕಟಣೆ. ಈ ಮೂಲಕ ಹರಪನಹಳ್ಳಿಗೆ ತಿಳಿಯಪಡಿಸುವುದೇನೆಂದರೆ, ಪ್ರಸಕ್ತ ಸೆಮಿಸ್ಟರಿನ ಮಂಡಕ್ಕಿ ಬಾಕಿಯನ್ನು ದಂಡರಹಿತವಾಗಿ ಪಾವತಿಸಲು ಇಂದೇ ಕೊನೆಯ ದಿನ. ನಂತರ ಪ್ರತಿ ದಿನಕ್ಕೆ ಒಂದು ಬಜ್ಜಿ ದಂಡ. ತಪ್ಪಿದಲ್ಲಿ ಹರಪನಹಳ್ಳಿಯೇ ಹೊಣೆ."

ಹರಪನಹಳ್ಳಿ ಎದುರಿಗೇ ಕೂತು, ಬಾಯಲ್ಲಿ ಬಜ್ಜಿ ಇಟ್ಟುಕೊಂಡೇ ಉತ್ತರ ಹಾಕಿದ.

"ಪೋರ್ಟಲ್ ಬಿದ್ದಿದೆ. ಪರಿಷ್ಕೃತ ದಿನಾಂಕ ಪ್ರಕಟಿಸಿ."