ಲವಂಗದ ಎಣ್ಣೆಗೆ ಕೊಬ್ಬಿನ ನ್ಯಾನೊ ಕಣವೇಕೆ? (ಪ್ರಶ್ನೋತ್ತರ)

ಪ್ರಶ್ನೆ: ವೈದ್ಯರೇ, ಹಲ್ಲು ನೋವು ಬಂದಾಗಲೆಲ್ಲ ಲವಂಗದ ಎಣ್ಣೆಯಲ್ಲಿ ಹತ್ತಿ ಅದ್ದಿ ಇಟ್ಟುಕೊಳ್ಳುತ್ತೇನೆ. ನೋವು ತಗ್ಗುತ್ತದೆ, ಆದರೆ ಪಕ್ಕದ ಒಸಡು ಉರಿದು ಬೆಳ್ಳಗಾಗುತ್ತದೆ. ಇಂಥ ಎಣ್ಣೆಗಳನ್ನು ಕೊಬ್ಬಿನ ನ್ಯಾನೊ ಕಣಗಳಲ್ಲಿ ತುಂಬಿ ಕೊಡುವ ಪ್ರಯತ್ನ ನಡೆದಿದೆ ಎಂದು ಓದಿದೆ. ಎಣ್ಣೆಯನ್ನು ಮತ್ತೆ ಕೊಬ್ಬಿನೊಳಗೆ ಇಟ್ಟರೆ ಆಗುವ ಲಾಭವೇನು?

ಉತ್ತರ: ಬೆಳ್ಳಗಾದ ಒಸಡು ಸುಟ್ಟ ಗಾಯವೇ ಆಗಿರುವ ಸಾಧ್ಯತೆ ಹೆಚ್ಚು, ಅಪ್ಪಟ ಎಣ್ಣೆಯನ್ನು ಹಚ್ಚುವುದನ್ನು ದಯವಿಟ್ಟು ನಿಲ್ಲಿಸಿ. ಎಣ್ಣೆ ಎಂದು ಕರೆದರೂ ಇದು ಅಡುಗೆ ಎಣ್ಣೆಯಂತೆ ಕೊಬ್ಬಲ್ಲ, ಬೇಗ ಆವಿಯಾಗುವ ಸುಗಂಧದ್ರವ್ಯ. ಇದರ ಮುಖ್ಯ ಅಂಶವಾದ ಯೂಜಿನಾಲ್ ಬ್ಯಾಕ್ಟೀರಿಯಾಗಳ ಹೊರಪೊರೆಯನ್ನು ಹಾಳುಗೆಡಹಬಲ್ಲದು; ಆದರೆ ನೀರಿನಲ್ಲಿ ಸರಿಯಾಗಿ ಕರಗದು, ಗಾಳಿ ಬೆಳಕುಗಳಿಗೆ ಕೆಡುತ್ತದೆ, ಜೊಲ್ಲಿನಲ್ಲಿ ಕೊಚ್ಚಿಹೋಗುತ್ತದೆ. ಸುಮಾರು 100ರಿಂದ 200 ನ್ಯಾನೊಮೀಟರ್ (ಒಂದು ನ್ಯಾನೊಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು) ಗಾತ್ರದ ಕೊಬ್ಬಿನ ಕಣಗಳಲ್ಲಿ ಅದನ್ನು ಹಿಡಿದಿಟ್ಟರೆ ಒಮ್ಮೆಲೇ ಸುರಿಯದೆ ನಿಧಾನವಾಗಿ ಹೊರಬರುತ್ತದೆ, ಹಾಗಾಗಿ ಉರಿಯೂ ತಗ್ಗಬಹುದು. ಕಣಕ್ಕೆ ಸೀಗಡಿ, ಏಡಿಗಳ ಚಿಪ್ಪಿನಿಂದ ತಯಾರಿಸುವ ಕೈಟೋಸಾನ್ ಎಂಬ ವಸ್ತುವನ್ನು ಲೇಪಿಸಿದರೆ ಅದರ ಧನ ವಿದ್ಯುದಂಶವು ಲೋಳೆಪೊರೆಯ ಋಣ ವಿದ್ಯುದಂಶಕ್ಕೆ ಅಂಟಿ, ಇನ್ನಷ್ಟು ಹೊತ್ತು ನಿಲ್ಲುತ್ತದೆ.

ನನಗೆ ಬಹಳ ಸ್ವಾರಸ್ಯವೆನಿಸುವುದು ಕಣದ ಒಳರಚನೆ. ಗಟ್ಟಿ ಕೊಬ್ಬನ್ನಷ್ಟೇ ಬಳಸಿದರೆ ದಿನ ಕಳೆದಂತೆ ಅದರ ಅಣುಗಳು ಒತ್ತಾಗಿ ಹರಳುಗಟ್ಟಿ, ಒಳಗಿನ ತೈಲವನ್ನು ಹೊರಗೆ ತಳ್ಳುತ್ತವೆ. ಅದಕ್ಕೆ ಒಂದಿಷ್ಟು ದ್ರವ ಕೊಬ್ಬನ್ನು ಬೆರೆಸಿದರೆ ಜೋಡಣೆ ಕೆಡುತ್ತದೆ. ಕಾಡುಗಲ್ಲಿನ ಗೋಡೆಯ ಸಂದುಗಳಂತೆ ಉಳಿಯುವ ಎಡೆಗಳಲ್ಲಿ ತೈಲ ತಂಗುತ್ತದೆ. ಇಲ್ಲಿ ಓರಣ ತಪ್ಪಿದ್ದೇ ಅನುಕೂಲ.

ಮರುಪ್ರಶ್ನೆ: ಹಾಗಾದರೆ ಮನೆಯಲ್ಲೇ ಅಡುಗೆ ಎಣ್ಣೆಗೆ ಬೆರೆಸಿಕೊಂಡರೆ ಸಾಲದೇ?

ಉತ್ತರ: ಅದು ತೆಳುವಾಗುತ್ತದೆ, ಉರಿ ಕಡಿಮೆಯಾಗುತ್ತದೆ, ಅಷ್ಟೇ. ನ್ಯಾನೊ ಕಣಗಳಿಗೆ ಕರಗಿಸಿದ ಕೊಬ್ಬನ್ನು ಎಮಲ್ಸಿಫೈಯರ್ (ಕೊಬ್ಬು ನೀರಿನಲ್ಲಿ ಬೆರೆತು ನಿಲ್ಲುವಂತೆ ಮಾಡುವ ವಸ್ತು) ಬೆರೆಸಿದ ಬಿಸಿನೀರಿನೊಡನೆ ಯಂತ್ರದಲ್ಲಿ ಅತಿ ಹೆಚ್ಚು ಒತ್ತಡದಿಂದ ಸಣ್ಣ ಸಂದಿಯ ಮೂಲಕ ಹಾಯಿಸಿ ತಣಿಸುವಂಥ ವಿಧಾನಗಳು ಬೇಕು. ಇನ್ನೊಂದು ಮಾತು: ಪ್ರಯೋಗಾಲಯದ ತಟ್ಟೆಯಲ್ಲಿ ಹಲ್ಲಿನ ಹುಳುಕಿಗೆ ಕಾರಣವಾಗುವ ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್ ಎಂಬ ಬ್ಯಾಕ್ಟೀರಿಯಾ ಸತ್ತಿತೆಂದ ಮಾತ್ರಕ್ಕೆ, ಹಲ್ಲಿಗೆ ಅಂಟಿದ ಪಾಚಿಪದರದೊಳಗೂ ಅದು ಸಾಯುತ್ತದೆ ಎನ್ನುವಂತಿಲ್ಲ, ಆ ಪದರವನ್ನು ಬ್ರಷ್ಷಿನಿಂದಲೇ ಉಜ್ಜಿ ತೆಗೆಯಬೇಕು. ನಿಮ್ಮ ನೋವು ಮತ್ತೆ ಮತ್ತೆ ಬರುತ್ತಿರುವುದರಿಂದ ಹುಳುಕು ಹಲ್ಲಿನ ತಿರುಳನ್ನು ಮುಟ್ಟಿದೆಯೇ ಎಂದು ಎಕ್ಸ್‌ರೇ ತೆಗೆಸಿ ನೋಡುವುದು ಮೊದಲ ಕೆಲಸ.