ಅಜ್ಜ ತಂದ ಹೆರಿಸ್ ರತ್ನಗಂಬಳಿ, ತೊಳೆಯುವ ಮುಂಚೆ

ಪ್ರಶ್ನೆ: ನಮ್ಮ ಅಜ್ಜ ಇರಾನಿನ ಅಬಾದಾನ್‌ನಲ್ಲಿ ಎಣ್ಣೆ ಕಾರ್ಖಾನೆಯ ಕೆಲಸಕ್ಕಿದ್ದರು. ಊರಿಗೆ ಮರಳುವಾಗ ಒಂದು ಹೆರಿಸ್ (ವಾಯವ್ಯ ಇರಾನಿನ ಊರು) ರತ್ನಗಂಬಳಿ ತಂದಿದ್ದರು. ಮಂಗಳೂರಿನ ಮನೆಯ ಅಟ್ಟದಲ್ಲಿ ವರ್ಷಗಟ್ಟಲೆ ಸುತ್ತಿಟ್ಟಿತ್ತು. ಈಗ ಬಿಡಿಸಿದರೆ ಮುಗ್ಗಲು ವಾಸನೆ. ಅಲ್ಲಲ್ಲಿ ಹುಳು ತಿಂದಿದೆ, ಒಂದು ಕಡೆ ಕುಚ್ಚು ಉದುರುತ್ತಿದೆ. ಮನೆಯಲ್ಲೇ ತೊಳೆಯಬಹುದಾ? ರಿಪೇರಿ ಮಾಡಿಸಿದವರಿದ್ದರೆ ಹೇಳಿ.

ಶಾರ್ಜಾದಿಂದ ಒಬ್ಬರು: ದಯವಿಟ್ಟು ಈಗಲೇ ನೀರು ತಾಗಿಸಬೇಡಿ. ಇರಾನಿನ ಕಾಶಾನ್ ಊರಿನ ನಮ್ಮ ಹಳೇ ಕಂಬಳಿಯನ್ನು ನಾನೇ ಬಾಲ್ಕನಿಯಲ್ಲಿ ಸೋಪಿನ ಪುಡಿ ಹಾಕಿ ತೊಳೆದೆ. ಕೆಂಪು ಬಣ್ಣ ಬಿಟ್ಟು ಪಕ್ಕದ ಬಿಳಿ ಹೂಗಳೆಲ್ಲ ಗುಲಾಬಿಯಾದವು. ಇವತ್ತಿಗೂ ಅದು ಹೋಗಿಲ್ಲ. ಉಣ್ಣೆಯೂ ನಮ್ಮ ಕೂದಲಿನ ಹಾಗೆ ಪ್ರೋಟೀನ್. ಪುಡಿಯ ಕ್ಷಾರ ಅದನ್ನು ಒರಟು ಮಾಡುತ್ತದೆ. ರಕ್ತ, ಹಾಲಿನ ಕಲೆ ತೆಗೆಯಲು ಹಾಕಿರುವ ಎಂಜೈಮ್ ಉಣ್ಣೆಯನ್ನೂ ಸವೆಸುತ್ತದೆ. ಅಡುಗೆ ಸೋಡಾ ಕೂಡ ಬೇಡ.

ಮೊದಲು ಧೂಳು ತೆಗೆಯಿರಿ. ಇದಕ್ಕೇ ಎರಡು ಮೂರು ದಿನ ಕೊಡಿ. ಕಂಬಳಿಯ ಮುಖ ಕೆಳಗೆ ಮಾಡಿ ಹಾಸಿ, ಬೆನ್ನಿಗೆ ಅಂಗೈಯಿಂದ ಮೆಲ್ಲಗೆ ತಟ್ಟಿ. ಎತ್ತಿದರೆ ನೆಲದ ಮೇಲೆ ಸಣ್ಣ ಮರಳು ಕಾಣುತ್ತದೆ. ಬುಡದಲ್ಲಿ ಕೂತ ಆ ಮರಳೇ ನಾವು ನಡೆದಾಡುವಾಗ ಎಳೆ ಕತ್ತರಿಸುವುದು. ನೀರು ಬಿದ್ದರೆ ಕೆಸರಾಗಿ ಒಳಗೇ ಉಳಿಯುತ್ತದೆ. ವ್ಯಾಕ್ಯೂಮ್ ಹಾಕುವುದಾದರೆ ತಿರುಗುವ ಬ್ರಷ್ ತೆಗೆದುಬಿಡಿ. ಕುಚ್ಚಿನ ಹತ್ತಿರ ಒಯ್ಯಬೇಡಿ.

ಆಮೇಲೆ ಬಣ್ಣದ ಪರೀಕ್ಷೆ. ಒದ್ದೆ ಬಿಳಿ ಬಟ್ಟೆಯನ್ನು ಒಂದೊಂದು ಬಣ್ಣದ ಮೇಲೂ ಐದು ನಿಮಿಷ ಒತ್ತಿ ಹಿಡಿಯಿರಿ. ಮಂಜಿಷ್ಠದ ಜಾತಿಯ ಬೇರಿನ ಕೆಂಪು, ನೀಲಿ ಗಿಡದ ನೀಲಿ ಸಾಮಾನ್ಯವಾಗಿ ಗಟ್ಟಿ. 19ನೇ ಶತಮಾನದ ಕೊನೆಯ ಹೊತ್ತಿಗೆ ಬಂದ ರಾಸಾಯನಿಕ ಬಣ್ಣಗಳಲ್ಲಿ ಕೆಲವು ನೀರು ಕಂಡರೆ ಬಿಡುತ್ತವೆ. ಬಟ್ಟೆಗೆ ಬಣ್ಣ ಹತ್ತಿದರೆ ಮನೆಯಲ್ಲಿ ತೊಳೆಯುವ ಯೋಚನೆಯೇ ಬೇಡ.

ಇರಾನಿನಲ್ಲಿ ತೊರೆಯಲ್ಲೇ ತೊಳೆಯುತ್ತಾರಲ್ಲ ಅಂತ ಅನಿಸಬಹುದು. ಟೆಹ್ರಾನ್ ಪಕ್ಕದ ರೇಯ್‌ನಲ್ಲಿ ಚೆಶ್ಮೆ ಅಲಿ ಎಂಬ ಬುಗ್ಗೆ ಹಿಂದೆ ಅದಕ್ಕೇ ಹೆಸರುವಾಸಿಯಾಗಿತ್ತು. ಆದರೆ ಅಲ್ಲಿ ಹರಿಯುವ ನೀರು, ಒಣ ಗಾಳಿ. ನಿಮ್ಮ ಮಳೆಗಾಲದಲ್ಲಿ ಕಂಬಳಿಯ ಬುಡದ ಹತ್ತಿ ನೂಲು ಬೇಗ ಒಣಗುವುದಿಲ್ಲ. ಒಳಗೊಳಗೇ ಕೊಳೆಯುತ್ತದೆ.

ಇನ್ನೊಬ್ಬರು: ಹುಳುವಿನ ಬಗ್ಗೆ ಮಾತ್ರ ಹೇಳುತ್ತೇನೆ. ತಿನ್ನುವುದು ಹಾರುವ ಪತಂಗ ಅಲ್ಲ, ಅದರ ಮರಿಹುಳು. ಕತ್ತಲೆ, ಯಾರೂ ಅಲುಗಾಡಿಸದ ಜಾಗ ಅದಕ್ಕೆ ಬೇಕು. ನನ್ನ ಸಣ್ಣ ಕಂಬಳಿಯನ್ನು ಪಾಲಿಥೀನ್‌ನಲ್ಲಿ ಬಿಗಿಯಾಗಿ ಕಟ್ಟಿ ಡೀಪ್ ಫ್ರೀಜರ್‌ನಲ್ಲಿ −18 ಡಿಗ್ರಿಯಲ್ಲಿ ಎರಡು ವಾರ ಇಟ್ಟೆ. ಮತ್ತೆ ಹುಳು ಕಾಣಲಿಲ್ಲ. ನಿಮ್ಮದು ಫ್ರೀಜರ್‌ಗೆ ಹಿಡಿಸದಿದ್ದರೆ ವಾರಕ್ಕೊಮ್ಮೆ ಎರಡೂ ಬದಿ ವ್ಯಾಕ್ಯೂಮ್ ಮಾಡಿ. ಮತ್ತೆ ಅಟ್ಟಕ್ಕೆ ಹಾಕಬೇಡಿ.

ಮತ್ತೊಬ್ಬರು: ಕುಚ್ಚು ಬರೀ ಅಲಂಕಾರ ಅಲ್ಲ. ಅದು ಹಾಸಿನ, ಅಂದರೆ ಉದ್ದಕ್ಕೆ ಎಳೆದ ನೂಲಿನ ತುದಿ. ಅದು ಸವೆದರೆ ಹೊಕ್ಕು, ಅಂದರೆ ಅಡ್ಡ ನೂಲು, ಜಾರುತ್ತದೆ, ಗಂಟುಗಳು ಸಾಲು ಸಾಲಾಗಿ ಬಿಚ್ಚುತ್ತವೆ. ಹಾಗಾಗಿ ಬೇರೆಲ್ಲದಕ್ಕಿಂತ ಮೊದಲು ಆ ತುದಿಯನ್ನು ಹತ್ತಿ ದಾರದಲ್ಲಿ ಹೊಲಿಸಿ ನಿಲ್ಲಿಸಿ. ಅಂಟು ಬೇಡವೇ ಬೇಡ. ಇರಾನಿನಲ್ಲಿ ಈ ಕಸುಬಿನವರನ್ನು ರಫೂಗರ್ ಅನ್ನುತ್ತಾರೆ. ನಮ್ಮ ರಫೂ ಅದೇ ಮಾತು. ಆದರೆ ಬಟ್ಟೆಗೆ ರಫೂ ಮಾಡುವವರಿಗೆ ಕೊಟ್ಟರೆ ಆಗುವುದಿಲ್ಲ. ಹೆರಿಸ್‌ನಲ್ಲಿರುವುದು ಎರಡು ಹಾಸಿನ ಎಳೆಗೂ ಸುತ್ತುವ ತುರ್ಕಿ ಗಂಟು. ಅದನ್ನು ಹಾಕಲು ಬರುವವರೇ ಬೇಕು.

ಒಂದೇ ಕೆಂಪಿನಲ್ಲಿ ತಿಳಿ, ಕಡು ಪಟ್ಟೆ ಕಂಡರೆ ಕಲೆ ಅಂದುಕೊಳ್ಳಬೇಡಿ. ಅದಕ್ಕೆ ಅಬ್ರಶ್ ಅನ್ನುತ್ತಾರೆ. ನೂಲನ್ನು ಬೇರೆ ಬೇರೆ ಸಲ ಬಣ್ಣಕ್ಕೆ ಅದ್ದಿದ ಗುರುತು ಅದು. ನನ್ನ ಅತ್ತೆ ಮನೆಯ ಕಂಬಳಿಯಲ್ಲಿ ಒಬ್ಬರು ಅದರ ಮೇಲೆ ಬಣ್ಣ ಬಳಿದು ಸರಿ ಮಾಡಿದೆ ಅಂದರು. ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಕೇಳಿದವರು: ಇವತ್ತು ಒಂದು ಮೂಲೆ ತಟ್ಟಿದೆ. ಒಂದು ಲೋಟದಷ್ಟು ಮರಳು ಬಿತ್ತು. ನೀಲಿ ಬಟ್ಟೆಗೆ ಹತ್ತಲಿಲ್ಲ, ಅಂಚಿನ ಕೆಂಪು ಹತ್ತಿತು. ತೊಳೆಯುವುದನ್ನು ಬಿಟ್ಟೆ. ನಾಳೆ ಕುಚ್ಚಿನ ತುದಿಗೆ ಹೊಲಿಗೆ ಹಾಕುತ್ತೇನೆ. ಬೆಂಗಳೂರಲ್ಲಾದರೂ ಸರಿ, ತುರ್ಕಿ ಗಂಟು ಹಾಕುವವರು ಗೊತ್ತಿದ್ದರೆ ತಿಳಿಸಿ.